ಎಲ್ಲೆಡೆಯ ಬೆಳಕನ್ನು ಅಳೆದವನು

ನಮ್ಮ ಊರಿನಲ್ಲಿ ಬಯಲಿಗೆ ಹೋಗಿ ಮರಳದವರು ಬದುಕಿದ್ದಾರೋ ಇಲ್ಲವೋ ಎಂದು ಹೇಳುವ ಕೆಲಸ ನನ್ನದಾಗಿತ್ತು. ನಾನು ಹೇಳುವವರೆಗೆ ಅವರು ಬದುಕಿದ್ದರು. ನಾನು ಹೇಳಿದ ಮೇಲೆ ಇರಲಿಲ್ಲ. ಭಗವಂತ ನನ್ನನ್ನು ಕ್ಷಮಿಸಲಿ ಎಂದು ಬರೆಯಲು ಕೈ ಏಳುತ್ತಿಲ್ಲ. ಕ್ಷಮೆ ಕೇಳುವ ಮೊದಲು ನಡೆದದ್ದನ್ನು ಒಪ್ಪಿಸಬೇಕು. ಒಪ್ಪಿಸುತ್ತೇನೆ.

ಊರು ಬಿಳಿಯ ಬಯಲಿನ ನಡುವೆ ಇದೆ. ಬಯಲೆಲ್ಲ ಉಪ್ಪು. ನೆಲ ಬಿಳಿ, ನೆಲದ ಮೇಲೆ ಸದಾ ಕವಿದಿರುವ ಮಂಜೂ ಬಿಳಿ. ಸೂರ್ಯ ಇದ್ದಾನೆ ಅನ್ನುವುದು ಗೊತ್ತು, ಯಾವ ದಿಕ್ಕಿನಲ್ಲಿದ್ದಾನೆ ಅನ್ನುವುದು ಗೊತ್ತಾಗುವುದಿಲ್ಲ. ನಮ್ಮವರು ಉಪ್ಪು ಕೆರೆದು ತರಲು ಬಯಲಿಗೆ ಹೋಗುತ್ತಾರೆ. ಹೆಚ್ಚಿನವರು ಬರುತ್ತಾರೆ. ವರ್ಷಕ್ಕೊಬ್ಬರು ಬರುವುದಿಲ್ಲ. ಅಲ್ಲಲ್ಲಿ ಸಿಹಿನೀರಿನ ಕುಳಿಗಳಿವೆ, ಕುಳಿಗಳ ಅಂಚಿನಲ್ಲಿ ಹಕ್ಕಿಗಳು ಮೊಟ್ಟೆಯಿಡುತ್ತವೆ, ಹಾಗಾಗಿ ಜೀವ ಹಿಡಿದುಕೊಂಡು ಇರಬಹುದು. ದಾರಿ ಮಾತ್ರ ಇಲ್ಲ.

ಅದಕ್ಕೇ ಈ ಕಟ್ಟಳೆ. ಹೋದವರು ಬಾರದಿದ್ದರೆ ಅವರ ಮನೆಯವರು ಬಾಗಿಲಲ್ಲಿ ಜಾಗಟೆ ಕಟ್ಟಬೇಕು, ಬೆಳಗಾದಾಗಿನಿಂದ ಬೈಗಿನವರೆಗೆ ಬಡಿಯಬೇಕು. ಆ ಬಯಲಿನಲ್ಲಿ ಸದ್ದೇ ದಾರಿ. ಹಿಂದೊಮ್ಮೆ ಒಬ್ಬಾತ ಎರಡು ವರ್ಷ ಕಳೆದ ಮೇಲೆ ಜಾಗಟೆಯ ಜಾಡು ಹಿಡಿದು ಬಂದಿದ್ದ. ಗಡ್ಡ ಹೊಕ್ಕುಳಿನವರೆಗೆ ಇಳಿದಿತ್ತು. ಹೊಸ್ತಿಲಲ್ಲಿ ನಿಂತು ಅವನು ಕೇಳಿದ ಮೊದಲ ಮಾತು, "ಉಪ್ಪು ಹಾಕದೆ ಇರೋ ಗಂಜಿ ಇದ್ದರೆ ಒಂದಿಷ್ಟು ಕೊಡ್ರೇ."

ಜಾಗಟೆ ಯಾವಾಗ ನಿಲ್ಲಿಸಬೇಕು? ಅದನ್ನು ಆಕಾಶ ಹೇಳುತ್ತಿತ್ತು. ಆಕಾಶದ ಪರವಾಗಿ ನಾನು ಹೇಳುತ್ತಿದ್ದೆ.

ನಮ್ಮ ಹಿರಿಯರ ನಂಬಿಕೆ ಹೀಗೆ: ಸೂರ್ಯನಿಂದಲ್ಲದೆ, ಚಂದ್ರನಿಂದಲ್ಲದೆ, ಯಾವ ನಕ್ಷತ್ರದಿಂದಲೂ ಅಲ್ಲದೆ ಒಂದು ಬೆಳಕು ಬರುತ್ತದೆ. ಅದು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದು ದೇವರ ಉಸಿರು. ತೀರಿಕೊಂಡವರು ಅದರಲ್ಲಿ ಕೂಡಿಕೊಳ್ಳುತ್ತಾರೆ. ಊರಿನ ಮೇಲೆ ಗಾಳಿಯ ಕಂಬಳಿ ಹೊದಿಸಿರುವುದರಿಂದ ಅದು ಕೆಳಗಿಳಿಯುವುದಿಲ್ಲ. ಅದನ್ನು ಕಾಣಬೇಕಾದರೆ ಕಂಬಳಿಯ ಆಚೆ ಹೋಗಬೇಕು.

ಹೋಗಲು ನಮಗೊಂದು ನೌಕೆ ಇತ್ತು. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಊರವರು ಏಳು ಸಲ ಶಂಖ ಊದುತ್ತಿದ್ದರು, ಏಳನೆಯದಕ್ಕೆ ನೌಕೆ ನೆಲ ಬಿಡುತ್ತಿತ್ತು. ಹೇಗೆ ಎಂದು ನಾನು ಕೇಳಿದವನಲ್ಲ, ನನಗಿಂತ ಮೊದಲು ಅಳೆಯುತ್ತಿದ್ದವರೂ ಕೇಳಿದವರಲ್ಲ. ಮಂಜು ದಾಟಿ, ಗಾಳಿ ದಾಟಿ, ನಡುಹಗಲಿನಲ್ಲೇ ಆಕಾಶ ಕಾಡಿಗೆಯ ಹಾಗೆ ಕಪ್ಪಾಗುವ ಎತ್ತರಕ್ಕೆ ಹೋಗಿ ಅದು ನಿಲ್ಲುತ್ತಿತ್ತು. ಒಳಗೆ ನಾನೊಬ್ಬನೇ. ನನ್ನೆದುರು ಪೀಠದ ಮೇಲೆ ಒಂದು ಹರಳು. ಎಲ್ಲೆಡೆಯ ಬೆಳಕಿನ ಒಂದು ಕಣ ಹರಳನ್ನು ಹೊಕ್ಕರೆ ಅದು ಒಮ್ಮೆ ಮಿಣಕ್ಕೆನ್ನುತ್ತಿತ್ತು. ನಾನು ಕರಿಯ ಕಂಬಳಿ ಮುಸುಕು ಹಾಕಿಕೊಂಡು, ಒಂದು ಮಿಣುಕಿಗೆ ಒಂದು ಮಣಿಯಂತೆ ಜಪಮಾಲೆ ತಿರುವುತ್ತಿದ್ದೆ. ಒಂದು ಊದುಬತ್ತಿ ಉರಿದು ಮುಗಿಯುವ ಹೊತ್ತಿಗೆ ಎಷ್ಟು ಮಾಲೆಯಾಯಿತೋ ಅದೇ ಆ ತಿಂಗಳ ಎಣಿಕೆ. ಎಣಿಕೆಯೇ ಜಪ, ಜಪವೇ ಎಣಿಕೆ. ಮೂವತ್ತು ವರ್ಷ ಹೀಗೆ ಕೂತೆ. ಅದಕ್ಕಿಂತ ಹೆಚ್ಚಿನ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ತಂಬಿಗೆಯ ವಿಷಯ. ಬಡಿದು ಬಡಿದು ಸೋತ ಮನೆಯವರು ಒಂದು ದಿನ, ಕಾಣೆಯಾದವರು ನೀರು ಕುಡಿಯುತ್ತಿದ್ದ ತಂಬಿಗೆಯನ್ನು ತಂದು ನೌಕೆಗೆ ಒಪ್ಪಿಸುತ್ತಿದ್ದರು. 'ಮೇಲಿದ್ದರೆ ಅವರಿಗೆ ಬಾಯಾರದಿರಲಿ' ಎಂಬುದು ಹೇಳುವ ಮಾತು. ಇದ್ದಾರೋ ಇಲ್ಲವೋ ತಿಳಿಸು ಎಂಬುದು ಕೇಳುವ ಮಾತು. ಕಂಚುಗಾರ ಆ ತಂಬಿಗೆಯನ್ನು ಹರಳಿನ ಪೀಠದ ಪಕ್ಕದಲ್ಲೇ ಬೆಸೆಯುತ್ತಿದ್ದ. ನಾನು ಮೇಲೆ ಹೋಗುತ್ತಿದ್ದೆ. ಎಣಿಕೆ ಹಿಂದಿನ ತಿಂಗಳಿಗಿಂತ ಏರಿದ್ದರೆ, ಹೋದವರು ಬೆಳಕಿನಲ್ಲಿ ಕೂಡಿದರು ಎಂದರ್ಥ. ಅವತ್ತೇ ಜಾಗಟೆ ನಿಲ್ಲಬೇಕು. ಮತ್ತೆ ಬಡಿದರೆ, ಕೂಡಿದವರು ಆ ಸದ್ದಿಗೆ ಎಳೆದಾಡಿ ನೋಯುತ್ತಾರೆ. ಆದ್ದರಿಂದ ಬಡಿಯುವುದು ಪಾಪ. ನಿಂತ ಜಾಗಟೆಯನ್ನೂ ತಂದು ನೌಕೆಯ ಗೋಡೆಗೆ ಬೆಸೆಯುತ್ತಿದ್ದರು.

ತಂಬಿಗೆ ಕೊಟ್ಟ ಮನೆಗೆ ಎಣಿಕೆ ಏರದೆ ಉಳಿದದ್ದು ಒಂದು ಸಲವೂ ಇಲ್ಲ. ಅದನ್ನು ನಾವು ದೇವರ ಕರುಣೆ ಎಂದುಕೊಂಡೆವು. ಸೋತವರನ್ನು ಅವನು ಹೆಚ್ಚು ಕಾಯಿಸುವುದಿಲ್ಲ ಎಂದುಕೊಂಡೆವು. ಎರಡು ವರ್ಷದ ಮೇಲೆ ಬಂದನಲ್ಲ, ಅವನ ಹೆಂಡತಿ ಹಟಮಾರಿ. ತಂಬಿಗೆ ಕೊಡಲು ಒಪ್ಪಿರಲಿಲ್ಲ.

ಹೀಗೆ ನಾನಿದ್ದ ಕಾಲದಲ್ಲಿ ಇಪ್ಪತ್ತಾರು ಜಾಗಟೆ ನಿಂತವು.

*

ಚಾಪೆ ಹೆಣೆಯುವವಳೊಬ್ಬಳು ನಮ್ಮ ಬೀದಿಯಲ್ಲೇ ಇದ್ದಾಳೆ. ಅವಳಿಗೊಬ್ಬಳು ಅಕ್ಕ, ಉಪ್ಪು ಕೆರೆಯುವವಳು. ಇಬ್ಬರೇ ಒಂದೇ ಮನೆಯಲ್ಲಿದ್ದರು. ಅಕ್ಕ ಬಾಯಿ ಜೋರು, ತಂಗಿ ಕೈ ಜೋರು ಎಂದು ಊರವರು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಬಯಲಿಗೆ ಹೋದಳು, ಬರಲಿಲ್ಲ.

ತಂಗಿ ಜಾಗಟೆ ಕಟ್ಟಿದಳು. ನಲವತ್ತು ದಿನ ಬಡಿದಳು. ಅಂಗೈಯ ಚರ್ಮ ಸುಲಿದು ಕೊಡತಿಯ ಹಿಡಿಗೆ ಅಂಟುತ್ತಿತ್ತು. ನಾನು ದಿನವೂ ಪೂಜೆ ಮುಗಿಸಿ ಆ ದಾರಿಯಲ್ಲಿ ಬರುತ್ತಿದ್ದೆ. ನೋಡಲಾಗಲಿಲ್ಲ.

"ತಂಬಿಗೆ ಕೊಡು ತಾಯಿ, ಕೇಳಿಬಿಡೋಣ" ಎಂದೆ.

"ಬೇಡ ಅಣ್ಣಯ್ಯ, ನಮ್ಮಕ್ಕ ಅಷ್ಟು ಸುಲಭಕ್ಕೆ ಸಾಯೋಳಲ್ಲ. ಸಾಯೋಕೂ ಎರಡು ಮಾತು ಆಡಿಯೇ ಸಾಯ್ತಾಳೆ."

"ನಿನ್ನ ಕೈ ನೋಡಿಕೊಂಡಿದ್ದೀಯಾ?"

ಅವಳು ನೋಡಿಕೊಂಡಳು. ಮೊದಲ ಸಲ ನೋಡಿಕೊಂಡವಳ ಹಾಗೆ ನೋಡಿಕೊಂಡಳು. ಮರುದಿನ ತಂಬಿಗೆ ತಂದಳು. ಅದರ ಕಂಠ ಒಂದು ಕಡೆ ತಗ್ಗಾಗಿತ್ತು. "ಇದರಲ್ಲಿ ಒಂದು ಸಲ ನನ್ನ ತಲೆಗೆ ಹೊಡೆದಿದ್ದಳು" ಎಂದು ಹೇಳಿ ಒಪ್ಪಿಸಿದಳು.

ಆ ಅಮಾವಾಸ್ಯೆ ನಾನು ಮೇಲೆ ಹೋದೆ. ಒಂಬತ್ತು ಮಾಲೆ ಬಂತು. ಹಿಂದಿನ ತಿಂಗಳು ಎಂಟು ಮಾಲೆ, ಮೇಲೆ ಕೆಲವು ಮಣಿ. ಇಳಿದು ಬಂದು ಹೇಳಿದೆ. ಜಾಗಟೆ ನಿಂತಿತು. ಊರೆಲ್ಲ ಒಮ್ಮೆ ಕಿವುಡಾದ ಹಾಗಾಯಿತು. ಅವಳು ಅಳಲಿಲ್ಲ, ಮನೆಯೊಳಗೆ ಹೋಗಿ ಮಲಗಿದಳು. ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ ಎಂದು ಅಕ್ಕಪಕ್ಕದವರು ಹೇಳಿದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ, ಒಬ್ಬಳಿಗೆ ನಿದ್ದೆ ಕೊಟ್ಟೆಯಲ್ಲ ಎಂದು.

ಮುಂದಿನ ಅಮಾವಾಸ್ಯೆಗೆ ಎರಡು ದಿನವಿದ್ದಾಗ ಕಂಚುಗಾರ ಬಂದು ಬಾಗಿಲಲ್ಲಿ ನಿಂತ. ಅವನು ಒಳ್ಳೆಯವನು. ಬಾಯಿಗೆ ಬೀಗವಿಲ್ಲ.

"ಸ್ವಾಮೀ, ನಿಮ್ಮ ನೌಕೆ ತುಂಬು ಬಸುರಿ ಎಮ್ಮೆ ಆಗಿದೆ. ಚಾಪೆಯವಳ ಜಾಗಟೆ ಎಲ್ಲಿ ಬೆಸೆಯಲಿ? ಗೋಡೆ ತುಂಬಿತು, ಸೂರು ತುಂಬಿತು. ಇನ್ನುಳಿದದ್ದು ನೀವು ಕೂರೋ ಜಾಗ, ಹರಳು ಕೂರೋ ಜಾಗ. ಇಬ್ಬರಲ್ಲಿ ಯಾರು ಏಳ್ತೀರಿ?"

"ಹರಳನ್ನು ಏಳಿಸುವುದುಂಟೇನಪ್ಪಾ? ಅದು ಗರ್ಭಗುಡಿ."

"ಹಾಗಾದರೆ ನೀವು ಎದ್ದು ನೌಕೆ ಜೊತೆ ಹೊರಗೆ ಈಜಿಕೊಂಡು ಬನ್ನಿ."

ಕೊನೆಗೆ ಅವನೇ ಒಂದು ಉಪಾಯ ಮಾಡಿದ. ಒಂದರೊಳಗೊಂದು ಸೇರುವ ಮೂರು ಬಿದಿರಿನ ಗಳ ತಂದ, ಒಳಗಿನ ಗಂಟುಗಳನ್ನೆಲ್ಲ ತೂತು ಮಾಡಿದ. ತುದಿಗೆ ಒಂದು ಮರದ ಬಟ್ಟಲು ಕೂರಿಸಿ ಅದರೊಳಗೆ ಹರಳಿಟ್ಟು ಮುಚ್ಚಿದ. ಗಳವನ್ನು ನೌಕೆಯ ಗೋಡೆಯಿಂದ ಹೊರಕ್ಕೆ ತಳ್ಳಬಹುದು, ಒಳಕ್ಕೆ ಎಳೆಯಬಹುದು. ಬಿದಿರಿನ ಪೊಳ್ಳಿಗೆ ಕಣ್ಣಿಟ್ಟರೆ ತುದಿಯಲ್ಲಿ ಹರಳು ಮಿನುಗುವುದು ಕಾಣುತ್ತದೆ. ಹರಳಿದ್ದ ಜಾಗದಲ್ಲಿ ಚಾಪೆಯವಳ ಜಾಗಟೆ ಕೂತಿತು.

"ದೇವರು ಬಯಲಲ್ಲಿ ನಿಂತರೆ ಬೇಜಾರು ಮಾಡಿಕೊಳ್ಳಲ್ಲ ಬಿಡಿ" ಎಂದ ಕಂಚುಗಾರ.

*

ಆ ಅಮಾವಾಸ್ಯೆಯ ಮಧ್ಯಾಹ್ನ ಏಳನೆಯ ಶಂಖಕ್ಕೆ ಮೇಲೇರಿದೆ. ಆಕಾಶ ಕಪ್ಪಾಯಿತು. ಊದುಬತ್ತಿ ಹಚ್ಚಿದೆ. ಮೂರೂ ಬಿದಿರು ಚಾಚುವಷ್ಟು ಗಳವನ್ನು ಹೊರಗೆ ತಳ್ಳಿ ಎಣಿಸಿದೆ.

ಎರಡು ಮಾಲೆ. ಮೇಲೆ ಹನ್ನೊಂದು ಮಣಿ.

ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಕಣ್ಣು ತೊಳೆದುಕೊಂಡೆ. ಮತ್ತೊಂದು ಊದುಬತ್ತಿ. ಎರಡು ಮಾಲೆ, ಹದಿನಾಲ್ಕು ಮಣಿ. ಇದು ನನ್ನ ಪಾಪದ ಫಲವಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಅದು ಮೊದಲ ಸಲವಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಬಿದಿರಿನಷ್ಟು ಒಳಕ್ಕೆ ಎಳೆದೆ. ಎಣಿಸಿದೆ. ಎರಡೂವರೆ ಮಾಲೆಗೆ ಸ್ವಲ್ಪ ಕಡಿಮೆ. ಇನ್ನೊಂದು ಬಿದಿರು ಎಳೆದೆ. ಎಣಿಸಿದೆ. ಐದು ಮಾಲೆ. ಪೂರ್ತಿ ಎಳೆದುಕೊಂಡೆ, ಹರಳು ಜಾಗಟೆಗಳ ನಡುವೆ ಬಂತು. ಎಣಿಸಿದೆ. ಒಂಬತ್ತೂವರೆ.

ಹೊರಗೆ ತಳ್ಳಿದೆ, ಎಣಿಸಿದೆ. ಒಳಗೆ ಎಳೆದೆ, ಎಣಿಸಿದೆ. ಊದುಬತ್ತಿಯ ಕಟ್ಟು ಮುಗಿಯುವವರೆಗೆ ತಳ್ಳಿದೆ, ಎಳೆದೆ, ಎಣಿಸಿದೆ. ಗಳವನ್ನು ಮೇಲಕ್ಕೆ ತಿರುಗಿಸಿದೆ, ಕೆಳಕ್ಕೆ ತಿರುಗಿಸಿದೆ, ಎಡಕ್ಕೆ, ಬಲಕ್ಕೆ. ದೂರ ಹೋದರೆ ಇಳಿಯುತ್ತಿತ್ತು, ಹತ್ತಿರ ಬಂದರೆ ಏರುತ್ತಿತ್ತು. ಸೃಷ್ಟಿಯ ಆ ತುದಿಯಿಂದ ಬರುವ ಬೆಳಕಿಗೆ ನನ್ನ ಬಿದಿರು ಎಷ್ಟುದ್ದ ಎಂಬುದು ಹೇಗೆ ಗೊತ್ತಾಗಬೇಕು?

ನೌಕೆಯೇ ಮಿನುಗುತ್ತಿತ್ತು. ಆಕಾಶದಲ್ಲಿ ಸುರಿಯುವ ಕಾಣದ ಮಳೆ ಆ ಕಂಚಿಗೂ ತಾಮ್ರಕ್ಕೂ ಬಡಿದು ಬಡಿದು, ಲೋಹ ತಾನೂ ಅದೇ ಬಗೆಯ ಕಣಗಳನ್ನು ಉಗುಳುತ್ತಿತ್ತು. ನಾನು ದೇವರ ಬೆಳಕೆಂದು ಎಣಿಸಿದ್ದು ಬಹುಪಾಲು ನೌಕೆಯ ಬೆಳಕು. ಊರವರು ಪ್ರೀತಿಯಿಂದ ತಂದುಕೊಟ್ಟ ಒಂದೊಂದು ತಂಬಿಗೆಯೂ ಒಂದಿಷ್ಟು ಮಣಿ ಹೆಚ್ಚಿಸಿತ್ತು. ಸತ್ತರೋ ಎಂದು ಕೇಳಲು ತಂದ ತಂಬಿಗೆಯೇ ಹೌದು, ಸತ್ತರು ಎಂದು ಹೇಳುತ್ತಿತ್ತು.

ಆದರೂ ಒಂದು ಮಾತು ಹೇಳಲೇಬೇಕು. ಎರಡನೆಯ ಬಿದಿರಿಗೂ ಮೂರನೆಯ ಬಿದಿರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಳಿಯುತ್ತ ಇಳಿಯುತ್ತ ಎಣಿಕೆ ಒಂದು ಕಡೆ ನಿಂತುಬಿಟ್ಟಿತ್ತು. ಸೊನ್ನೆಯಾಗಲಿಲ್ಲ. ಉಳಿದದ್ದು ಸ್ವಲ್ಪ, ಬಹಳ ಸ್ವಲ್ಪ. ಅದು ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬರುತ್ತಿತ್ತು. ಅದು ಅವನದೇ. ತೀರಿಕೊಂಡವರು ಅದರಲ್ಲಿ ಕೂಡುತ್ತಾರೋ ಇಲ್ಲವೋ ನಾನರಿಯೆ. ಒಂದು ತಂಬಿಗೆಗೆ ಏರಿ ಇಳಿಯುವ ಬೆಳಕು ಅದಲ್ಲ ಎಂಬುದನ್ನು ಮಾತ್ರ ಅರಿತೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನಿಜವಾದ ದರ್ಶನ ಸಿಕ್ಕಿತ್ತು. ಕೈ ಮುಗಿಯಲು ಹೋದೆ. ಕೈಗಳು ಕೂಡಲಿಲ್ಲ.

ಮೊದಲ ಸಲವಲ್ಲ ಎಂದೆನಲ್ಲ. ಹನ್ನೆರಡು ವರ್ಷದ ಹಿಂದೆ ನೌಕೆಯ ಗೋಡೆ ಸೀಳಿತ್ತು. ಕಂಚುಗಾರ ತಂಬಿಗೆ ಜಾಗಟೆಗಳನ್ನೆಲ್ಲ ಬಿಚ್ಚಿಟ್ಟು ತೇಪೆ ಹಾಕಿದ್ದ, ಮತ್ತೆ ಬೆಸೆಯಲು ಹೊತ್ತು ಸಾಲದೆ ಹಾಗೆಯೇ ನನ್ನನ್ನು ಮೇಲೆ ಕಳಿಸಿದ್ದ. ಆ ಸಲ ಎಣಿಕೆ ಅರ್ಧಕ್ಕೆ ಇಳಿದಿತ್ತು. ಆ ತಿಂಗಳು ನಾನು ಹೆಂಡತಿಯ ಮೇಲೆ ಸಾರು ಸೀದ ಕಾರಣಕ್ಕೆ ಕೂಗಾಡಿದ್ದೆ, ಅದರಿಂದಲೇ ದೇವರು ಮುಖ ತಿರುಗಿಸಿದ ಎಂದುಕೊಂಡೆ. ಮೂರು ದಿನ ಉಪವಾಸ ಮಾಡಿದೆ. ಊರಿಗೆ ಹಿಂದಿನ ತಿಂಗಳ ಎಣಿಕೆಯನ್ನೇ ಹೇಳಿದೆ. ನನ್ನ ಮನೆಯ ಜಗಳದಿಂದ ಸೃಷ್ಟಿಯ ಬೆಳಕು ಅರ್ಧವಾಗುತ್ತದೆ ಎಂದು ನಂಬುವುದು ನನಗೆ ಸುಲಭವಾಯಿತು, ಗೋಡೆಯ ಕಡೆ ತಿರುಗಿ ನೋಡುವುದು ಕಷ್ಟವಾಯಿತು. ಅದನ್ನು ಭಕ್ತಿ ಎಂದು ಕರೆದುಕೊಂಡೆ. ಆಮೇಲೆ ಹತ್ತು ಜಾಗಟೆ ನಿಂತವು.

ನೌಕೆ ಇಳಿಯಿತು. ಹಿರಿಯಮ್ಮ ಎಂದಿನಂತೆ ಮುಂದೆ ನಿಂತಿದ್ದಳು. ಊರಿನಲ್ಲಿ ಎಲ್ಲರಿಗಿಂತ ಹಿರಿಯಳು, ನಾನು ಎಣಿಕೆ ಹೇಳಿದ ಮೊದಲ ಮನೆ ಅವಳದು. ಅವಳ ಗಂಡನ ಜಾಗಟೆ ನನ್ನ ಮೊದಲ ಜಾಗಟೆ.

"ಎಷ್ಟಪ್ಪಾ?" ಎಂದು ಕೇಳಿದಳು.

"ಹೋದ ತಿಂಗಳಷ್ಟೇ" ಎಂದೆ.

*

ಮೂರು ದಿನ ಮನೆಯಿಂದ ಹೊರಬರಲಿಲ್ಲ. ಪೂಜೆಗೆ ಕೂತರೆ ಕೈಗೆ ಮಾಲೆ ಬರುತ್ತಿತ್ತು, ಮಾಲೆ ಹಿಡಿದರೆ ಎಣಿಕೆ ಬರುತ್ತಿತ್ತು. ಹೇಳಿದರೆ ಇಪ್ಪತ್ತಾರು ಮನೆಗಳ ನಿದ್ದೆ ಹೋಗುತ್ತದೆ. ಹೇಳದಿದ್ದರೆ ಒಬ್ಬಳ ಜೀವ ಹೋಗುತ್ತದೆ, ಇನ್ನೂ ಹೋಗಿರದಿದ್ದರೆ. ಹೋಗಿಯೇ ಇರಬಹುದಲ್ಲ ಎಂದು ಒಳಗಿನಿಂದ ಒಂದು ದನಿ ಹೇಳುತ್ತಿತ್ತು. ಆ ದನಿ ನನ್ನ ಜಪದ ದನಿಯಷ್ಟೇ ಮೆತ್ತಗಿತ್ತು. ಅದನ್ನು ದೇವರ ದನಿ ಎಂದು ತಿಳಿಯಲು ಬಹಳ ಆಸೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಚಾಪೆಯವಳು ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಚಾಪೆ. ಅಂಗೈ ಮಾಗಿತ್ತು.

"ನಿಮಗೆ ಅಂತ ಹೆಣೆದೆ ಅಣ್ಣಯ್ಯ. ನೀವು ಹೇಳಿದ ಮೇಲೆ ನನಗೆ ನಿದ್ದೆ ಬಂತು. ಅಲ್ಲಿ ಕೂತು ಎಣಿಸ್ತೀರಲ್ಲ, ಕೆಳಗೆ ಹಾಸಿಕೊಳ್ಳಿ. ನಮ್ಮಕ್ಕನ ಮಣಿ ಬಂದಾಗ ಮೆತ್ತಗಿರಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲಿಗೆ ಬಿದ್ದೆ. ಅವಳು ಹೆದರಿ ಹಿಂದೆ ಸರಿದಳು. ನೆಲದ ಮೇಲಿಂದಲೇ ಎಲ್ಲ ಹೇಳಿದೆ. ಬಿದಿರು, ಮಾಲೆ, ಕಂಚು, ತಾಮ್ರ, ಅವಳ ಅಕ್ಕನ ತಂಬಿಗೆ.

ಅವಳು ಕಂಕುಳ ಚಾಪೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಕೇಳಿದಳು, "ಯಾವಾಗ ಗೊತ್ತಾಯ್ತು?"

"ಅಮಾವಾಸ್ಯೆಗೆ."

"ಇವತ್ತು ಚೌತಿ."

"ಹೌದು ತಾಯಿ."

"ಮೂರು ದಿನ ಏನು ಮಾಡ್ತಿದ್ರಿ?"

"ಪ್ರಾರ್ಥನೆ ಮಾಡ್ತಿದ್ದೆ."

ಅವಳು ಚಾಪೆಯನ್ನು ಅಲ್ಲೇ ಕೆಡವಿ ನನ್ನ ಅಡುಗೆಮನೆಗೆ ನುಗ್ಗಿದಳು. ಹಿತ್ತಾಳೆಯ ಕೊಡ ಎತ್ತಿಕೊಂಡಳು, ನೀರು ಚೆಲ್ಲಿದಳು, ಬೀದಿಗೆ ಓಡಿ ಸೌಟಿನಿಂದ ಬಡಿಯತೊಡಗಿದಳು.

ಊರು ಓಡಿಬಂತು. ಎಣಿಕೆಯಾದವಳಿಗೆ ಬಡಿಯುವುದು ಪಾಪ ಎಂದು ಯಾರೋ ಸೌಟು ಕಿತ್ತುಕೊಂಡರು. "ಇವಳಿಗೆ ತಲೆ ಕೆಟ್ಟಿದೆ, ಇವಳನ್ನು ಒಳಗೆ ಕರೆದುಕೊಂಡು ಹೋಗ್ರೇ" ಎಂದರು. ಅವಳು ನನ್ನತ್ತ ನೋಡಿದಳು, ಅಷ್ಟೇ. ನಾನು ಮುಂದೆ ಬಂದು ಹಿರಿಯಮ್ಮನ ಎದುರು ನಿಂತು ಹೇಳಿದೆ. ಮಾತು ಹೇಗೆ ಜೋಡಿಸಿದೆನೋ ನೆನಪಿಲ್ಲ.

ಯಾರೂ ನಂಬಲಿಲ್ಲ. "ದೇವರ ಬೆಳಕು ತಂಬಿಗೆಯಿಂದ ಬರುತ್ತಾ? ನಮ್ಮ ಮನೇಲೂ ನಾಲ್ಕು ತಂಬಿಗೆ ಇದೆ, ಕತ್ತಲೇ ಇದೆ" ಎಂದ ಒಬ್ಬ. ಜನ ನಕ್ಕರು. ನಗು ಹೆಚ್ಚು ಹೊತ್ತು ಇರಲಿಲ್ಲ.

"ಬನ್ನಿ, ನೋಡಿ" ಎಂದೆ.

ಹರಳನ್ನು ತಂದು ನೌಕೆಯ ಒಳಗೆ ಇಟ್ಟೆ. ಇಲ್ಲಿ ಗಾಳಿಯ ಕಂಬಳಿಯ ಕೆಳಗೆ ಎಲ್ಲೆಡೆಯ ಬೆಳಕು ಬರುವುದೇ ಇಲ್ಲ. ಆದರೂ ಒಬ್ಬೊಬ್ಬರಾಗಿ ಕರಿಕಂಬಳಿ ಹೊದ್ದು ನೋಡಿದಾಗ ಹರಳು ಮಿನುಗುತ್ತಿತ್ತು. ಮೇಲೆ ತಿಂದ ಪೆಟ್ಟು ಲೋಹದಲ್ಲಿ ಇನ್ನೂ ಆರಿರಲಿಲ್ಲ. ಹರಳನ್ನು ಬಾವಿಕಟ್ಟೆಯವರೆಗೆ ಒಯ್ದೆ. ಒಬ್ಬೊಬ್ಬರಾಗಿ ನೋಡಿದರು. ಸುಮ್ಮನಿತ್ತು. ಎಷ್ಟೋ ಹೊತ್ತಿಗೊಮ್ಮೆ ಎಲ್ಲೋ ಒಂದು ಮಿಣುಕು. ಮತ್ತೆ ನೌಕೆಗೆ. ಮತ್ತೆ ಬಾವಿಕಟ್ಟೆಗೆ. ಇಡೀ ಮಧ್ಯಾಹ್ನ ಊರು ಆ ಎರಡು ಜಾಗದ ನಡುವೆ ಪ್ರದಕ್ಷಿಣೆ ಬಂದ ಹಾಗೆ ತಿರುಗಿತು. ಕಂಬಳಿಯಿಂದ ತಲೆ ಹೊರಗೆ ತೆಗೆದ ಒಬ್ಬೊಬ್ಬರ ಮುಖವನ್ನೂ ನಾನು ನೋಡಬೇಕಾಯಿತು.

ಹಿರಿಯಮ್ಮ ಕೊನೆಯಲ್ಲಿ ನೋಡಿದಳು. ಕಂಬಳಿ ಸರಿಸಿ ಕೂತಳು.

"ನಿನ್ನ ಮಾತಿನ ಮೇಲೆ ಮೂವತ್ತು ವರ್ಷ ನಿದ್ದೆ ಮಾಡಿದೆನಪ್ಪಾ."

"ಹೌದಮ್ಮ."

"ಆಗ ನನಗೆ ಕೈಯಲ್ಲಿ ಕಸುವಿತ್ತು. ಇನ್ನೂ ಬಡಿಯಬಹುದಾಗಿತ್ತು." ಅವಳು ತನ್ನ ಕೈ ತಿರುಗಿಸಿ ನೋಡಿಕೊಂಡಳು. "ಈಗ ಬಡಿಯುವವರು ಬಡಿಯಲಿ. ಕೊಡದ ಸದ್ದು ಊರ ಅಗಸೆಬಾಗಿಲು ದಾಟಲ್ಲ. ಜಾಗಟೆ ಎಲ್ಲಿ?"

ಊರಿನಲ್ಲಿ ಒಂದೂ ಜಾಗಟೆ ಇರಲಿಲ್ಲ. ಎಲ್ಲವೂ ಗೋಡೆಯಲ್ಲಿದ್ದವು, ಒಂದಕ್ಕೊಂದು ಬೆಸೆದುಕೊಂಡು, ಬಿಡಿಸಲು ಬಾರದಂತೆ. ಕಂಚುಗಾರ ನೌಕೆಯ ಸುತ್ತ ಒಂದು ಸುತ್ತು ಬಂದ. ಬೆರಳಿನಿಂದ ಕುಟ್ಟಿದ. ಕಿವಿಯಿಟ್ಟ.

"ಇದಕ್ಕಿಂತ ದೊಡ್ಡದು ಎಲ್ಲಿ ಸಿಗುತ್ತೆ?" ಎಂದು ದೊಡ್ಡ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟ. "ಒಂದು ಸಲ ಹೊಡೆದರೆ ಸೀಳುತ್ತೆ ಸ್ವಾಮಿ. ಇನ್ನು ಮೇಲೆ ಹಾರಲ್ಲ. ಮೊದಲ ಏಟು ನಿಮ್ಮದೇ ಆಗಬೇಕು."

ಆ ನೌಕೆ ನನ್ನ ಗುಡಿ. ಅದರ ಹೊಸ್ತಿಲನ್ನು ನಾನು ಯಾವಾಗಲೂ ಬಲಗಾಲಿಟ್ಟೇ ದಾಟಿದವನು. ಕಡೆಗೂ ಎಲ್ಲವನ್ನೂ ಕಳೆದು ಉಳಿದ ಆ ಸ್ವಲ್ಪವನ್ನು ಒಮ್ಮೆ ಕಂಡಿದ್ದೆ, ಇನ್ನು ಕಾಣುವಂತಿಲ್ಲ. ಮನಸ್ಸಿನಲ್ಲಿ ಅವನ ಹೆಸರು ಹೇಳಿ ಸುತ್ತಿಗೆ ಎತ್ತಿದೆ. ಹೊಡೆದೆ.

ಇಪ್ಪತ್ತಾರು ಜಾಗಟೆ ಒಟ್ಟಿಗೆ ಕೂಗಿದವು. ಮಂಜು ಅಲುಗಿತು. ಇಪ್ಪತ್ತಾರು ಮನೆಯವರು ತಮ್ಮ ತಮ್ಮ ಜಾಗಟೆಯ ದನಿಯನ್ನು ಅದರಲ್ಲಿ ಗುರುತಿಸಿದರು. ಹಲವರು ಅಲ್ಲೇ ಕುಸಿದು ಕೂತರು. ಚಾಪೆಯವಳು ಮಾತ್ರ ಕೂರಲಿಲ್ಲ. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.

*

ಹಗಲೆಲ್ಲ ಸರದಿಯಂತೆ ಬಡಿದೆವು. ಒಂದು ದಿನ, ಎರಡು ದಿನ, ಐದು ದಿನ. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ನನ್ನ ಜೊತೆ ಮಾತಾಡಲಿಲ್ಲ. ನನ್ನ ಸರದಿ ಬಂದಾಗ ಸುತ್ತಿಗೆಯನ್ನು ಕೈಗೆ ಕೊಡದೆ ನೆಲದ ಮೇಲೆ ಇಡುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ.

ಒಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಮಂಜಿನೊಳಗಿಂದ ಒಂದು ಬೈಗುಳ ಕೇಳಿಸಿತು.

"ಯಾರೋ ಅದು ಹಾಗೆ ಬಡಿಯೋರು, ಕಿವಿ ಹರಿದು ಹೋಗ್ತದೆ!"

ಅಕ್ಕ ಬಂದಳು. ತಲೆಯಿಂದ ಪಾದದವರೆಗೆ ಬಿಳಿ, ತುಟಿ ಬಿರಿದಿತ್ತು, ಕಣ್ಣು ಮಾತ್ರ ಕಪ್ಪಗಿತ್ತು. ತಂಗಿ ಸುತ್ತಿಗೆ ಬಿಟ್ಟು ಓಡಿ ಅಪ್ಪಿಕೊಂಡಳು, ಅಪ್ಪಿಕೊಂಡೇ ಬೆನ್ನಿಗೆ ಗುದ್ದಿದಳು. ನೀರು ಕುಡಿಸಿದರು. ಗಂಜಿ ಕುಡಿಸಿದರು. ಊರೆಲ್ಲ ಸುತ್ತ ಕೂತಿತು. ನಾನು ಹಿಂದೆ ನಿಂತೆ.

"ಜಾಗಟೆ ನಿಲ್ಲಿಸಿದಿರಲ್ಲ, ಅವತ್ತು ನಾನು ಇನ್ನು ಅರ್ಧ ದಿನದ ದಾರಿಯಲ್ಲಿದ್ದೆ" ಎಂದಳು ಅಕ್ಕ. "ನಮ್ಮ ಮನೆ ಜಾಗಟೆಯದೇ ದನಿ, ಸ್ಪಷ್ಟವಾಗಿ ಕೇಳಿಸ್ತಿತ್ತು. ಟಣ್ ಅಂತ ನಿಂತುಹೋಯ್ತು. ಓಹೋ, ಹಾಗಾದರೆ ನಾನು ತೀರಿಕೊಂಡೆ ಅಂದುಕೊಂಡೆ."

"ಅಯ್ಯೋ ಹುಚ್ಚಿ!" ಎಂದಳು ತಂಗಿ. "ಸತ್ತವಳಿಗೆ ಹಸಿವಾಗುತ್ತೇನೇ?"

"ಆಗ್ತಿತ್ತು ಕಣೇ. ಹೊಸದಾಗಿ ಸತ್ತಿದ್ದೀನಿ, ಅಭ್ಯಾಸ ಬಿಟ್ಟಿಲ್ಲ ಅಂದುಕೊಂಡೆ."

ಎಷ್ಟೋ ದಿನದ ಮೇಲೆ ಊರು ನಕ್ಕಿತು. ಅಕ್ಕನೂ ನಕ್ಕಳು. ಆಮೇಲೆ ಹೇಳಿದಳು, "ನಗಬೇಡಿ. ಅಳೆಯುವ ಅಣ್ಣಯ್ಯ ಸುಳ್ಳು ಹೇಳೋದಿಲ್ಲವಲ್ಲ. ಅವರು ಹೇಳದೆ ನಮ್ಮ ತಂಗಿ ಕೈ ನಿಲ್ಲಿಸೋಳಲ್ಲ. ಮತ್ತೆ ನಾನು ಎದ್ದು ಊರಿಗೆ ಬಂದರೆ ನಿಮಗೆಲ್ಲ ಹೆದರಿಕೆ, ನನಗೂ ಮರ್ಯಾದೆ ಅಲ್ಲ. ಅಲ್ಲೇ ಕೂತೆ. ನೀರಿನ ಕುಳಿ ಪಕ್ಕದಲ್ಲೇ ಇತ್ತು. ತಡೆಯೋಕೆ ಆಗದಾಗ ಕದ್ದು ಕುಡೀತಿದ್ದೆ, ಸತ್ತವರು ಕುಡಿಯಬಾರದು ಅಂತ ನಾಚಿಕೆ ಆಗ್ತಿತ್ತು. ಈ ಸದ್ದು ಶುರುವಾದಾಗಲೂ ಬೇರೆ ಯಾರಿಗೋ ಬಡೀತಿದ್ದಾರೆ ಅಂತ ಕೂತೇ ಇದ್ದೆ, ಅದರಲ್ಲಿ ನಮ್ಮ ಮನೆ ಜಾಗಟೆ ದನಿಯೂ ಇದೆ ಅಂತ ನಿನ್ನೆ ಗೊತ್ತಾಯ್ತು."

ನನಗೆ ಕೇಳದಿರಲು ಆಗಲಿಲ್ಲ. "ತಾಯೀ, ಅಲ್ಲಿ ನಿನ್ನ ಹಾಗೆ..." ಎಂದೆ.

ಅವಳು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ಇದ್ದರು ಅಣ್ಣಯ್ಯ. ಅದಕ್ಕೇ ನನಗೆ ಪೂರ್ತಿ ನಂಬಿಕೆ ಬಂದದ್ದು, ಇದು ಸತ್ತವರು ಕೂರೋ ಜಾಗ ಅಂತ. ಮೈಮೇಲೆ ಉಪ್ಪು ಕಟ್ಟಿತ್ತು, ಯಾರು ಅಂತ ಗುರುತು ಸಿಗಲಿಲ್ಲ. ಬಿದ್ದವರು ಒಬ್ಬರೂ ಇಲ್ಲ. ಎಲ್ಲರೂ ಚಕ್ಕಳಮಕ್ಕಳ ಹಾಕಿ ಊರಿನ ಕಡೆಗೆ ಮುಖ ಮಾಡಿ ಕೂತಿದ್ದರು."

"ಎಷ್ಟು ಜನ?" ಎಂದು ಹಿರಿಯಮ್ಮ ಕೇಳಿದಳು.

"ನಾನು ಎಣಿಸಲಿಲ್ಲಮ್ಮ. ಎಣಿಸೋದು ಅವರ ಕೆಲಸ ಅಲ್ಲವಾ?"

ಹಿರಿಯಮ್ಮ ನೆಲ ನೋಡುತ್ತ ಕೂತಳು. ಯಾರೋ ಸುತ್ತಿಗೆ ಎತ್ತಿಕೊಂಡು ಮತ್ತೆ ಬಡಿಯತೊಡಗಿದರು, ನಾನು ಹೋಗಿ ಎಣಿಸಿ ಬರಲಿ ಎಂದು.

ಮರುದಿನ ಬೆಳಿಗ್ಗೆ ಬೆನ್ನ ಹಿಂದೆ ಆ ಸದ್ದನ್ನು ಇಟ್ಟುಕೊಂಡು ನಡೆದೆ. ಒಂದು ಕೊಡ ನೀರು, ಒಂದು ಬಟ್ಟೆ ತೆಗೆದುಕೊಂಡಿದ್ದೆ. ಮಾಲೆ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಕಂಡರು. ಅಕ್ಕ ಹೇಳಿದ ಹಾಗೆಯೇ ಇದ್ದರು, ಒಬ್ಬರಲ್ಲೂ ಉಸಿರಿರಲಿಲ್ಲ. ಸದ್ದು ಕೇಳಿಸುವ ಅಂಚಿನಲ್ಲಿ, ಅಲ್ಲೊಬ್ಬರು ಇಲ್ಲೊಬ್ಬರು, ಗುಡಿಯಲ್ಲಿ ಮಂಗಳಾರತಿಗೆ ಕಾದು ಕೂತವರ ಹಾಗೆ. ನಂಬಿ ಕೂತವರು. ನನ್ನನ್ನು ನಂಬಿ ಕೂತವರು. ಒಬ್ಬರ ಅಂಗೈ ಕಿವಿಯ ಹಿಂದೆ ಇತ್ತು.

ಬೆರಳಿನಲ್ಲಿ ಎಣಿಸಿದೆ. ಹದಿನೇಳು. ದೂರ ಹೋಗಿ ನಿಂತು ಎಣಿಸಿದೆ, ಹದಿನೇಳು. ಹತ್ತಿರ ಬಂದು ಎಣಿಸಿದೆ, ಹದಿನೇಳು. ಈ ಎಣಿಕೆಯಲ್ಲಿ ಕಂಚಿನ ಪಾಲಿರಲಿಲ್ಲ, ತಾಮ್ರದ ಪಾಲಿರಲಿಲ್ಲ.

ಕೊಡ ಇಳಿಸಿದೆ. ಮೊದಲನೆಯವರ ಮುಂದೆ ಮೊಣಕಾಲೂರಿ, ಬಟ್ಟೆ ಒದ್ದೆ ಮಾಡಿಕೊಂಡು, ಅವರ ಕಿವಿಯ ಮೇಲೆ ಕಟ್ಟಿದ್ದ ಉಪ್ಪನ್ನು ನಿಧಾನವಾಗಿ ಬಿಡಿಸತೊಡಗಿದೆ.